ಲಕ್ವ ಹೊಡೆದ ಮನೆಯಲ್ಲಿ ಎರಡನೇ ಫೈಲ್: ನೋಡಿಕೊಳ್ಳುವವರು ತಮ್ಮನ್ನು ನೋಡಿಕೊಳ್ಳುವುದು ಹೇಗೆ

ಅಪ್ಪನಿಗೆ ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದಾಗ ಜೊತೆಗೆ ಒಂದು ನೀಲಿ ಪ್ಲಾಸ್ಟಿಕ್ ಫೈಲ್ ಕೂಡ ಬಂತು. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್, ರಕ್ತ ಪರೀಕ್ಷೆ, ಮಾತ್ರೆ ಚೀಟಿ, ಫಿಸಿಯೋದವರು ಬರೆದುಕೊಟ್ಟ ವ್ಯಾಯಾಮದ ಹಾಳೆ, ಎಲ್ಲ ಅದರಲ್ಲಿ. ಆರು ತಿಂಗಳಿಗೆ ಅದು ಒಂದು ಕೈಯಲ್ಲಿ ಹಿಡಿಯಕ್ಕಾಗದಷ್ಟು ದಪ್ಪ ಆಯಿತು. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ಅಪ್ಪನನ್ನು ಕಮೋಡ್ ಕುರ್ಚಿಯಿಂದ ಎಬ್ಬಿಸುವಾಗ ಅಮ್ಮನಿಗೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡೇ ಕುಸಿದಳು. ಆಸ್ಪತ್ರೆಯಲ್ಲಿ ಡಾಕ್ಟರ್ "ಇವರ ಹಳೇ ರಿಪೋರ್ಟ್ ಕೊಡಿ" ಅಂದರು. ಕೊಡೋಕೆ ಒಂದು ಹಾಳೆಯೂ ಇರಲಿಲ್ಲ. ಬಿಪಿ 190ಕ್ಕೆ 110 ಇತ್ತು. ಎಷ್ಟು ತಿಂಗಳಿಂದ ಹಾಗಿತ್ತೋ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಎಂಟು ತಿಂಗಳಲ್ಲಿ ನಾವ್ಯಾರೂ ಅವಳ ತೋಳಿಗೆ ಒಂದು ಸಲವೂ ಆ ಪಟ್ಟಿ ಸುತ್ತಿರಲಿಲ್ಲ. ಬಿಪಿ ಮಷೀನು ಅಪ್ಪನ ಮಂಚದ ಪಕ್ಕದಲ್ಲೇ ಇತ್ತು.

ಅವತ್ತು ಸಂಜೆ ಸ್ಟೇಷನರಿ ಅಂಗಡಿಯಿಂದ ಇನ್ನೊಂದು ಫೈಲ್ ತಂದು ಮೇಲೆ ಅಮ್ಮನ ಹೆಸರು ಬರೆದೆ. ಸ್ಟ್ರೋಕ್ ಆದವರ ಬಗ್ಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಈ ಬರಹ ಆ ಎರಡನೇ ಫೈಲ್ ಬಗ್ಗೆ. ನಾನು ಡಾಕ್ಟರ್ ಅಲ್ಲ. ನಾಲ್ಕು ವರ್ಷ ಈ ಕೆಲಸ ಮಾಡಿ, ತಪ್ಪು ಮಾಡಿ, ಫಿಸಿಯೋದವರನ್ನು, ನರ್ಸುಗಳನ್ನು ಕೇಳಿ ಕಲಿತದ್ದನ್ನು ಹೇಳ್ತಿದ್ದೇನೆ.

ಮೊದಲು ಆ ಫೈಲ್ ಮಾಡಿ, ಇವತ್ತೇ

ಜಾಸ್ತಿ ಏನೂ ಬೇಕಿಲ್ಲ. ಒಂದು ಹಾಳೆಯಲ್ಲಿ ನಿಮ್ಮ ಬಿಪಿ, ಸಕ್ಕರೆ, ತೂಕ ಬರೆಯಿರಿ. ನಿಮಗೇ ಮಾತ್ರೆ ಇದ್ದರೆ ಅದರ ಪಟ್ಟಿ ಇನ್ನೊಂದು ಹಾಳೆಯಲ್ಲಿ. ಹಲ್ಲು ನೋವು, ಮಂಡಿ ನೋವು, ಮುಟ್ಟಿನ ತೊಂದರೆ, "ಅವರು ಸ್ವಲ್ಪ ಸುಧಾರಿಸಲಿ, ಆಮೇಲೆ ತೋರಿಸ್ತೀನಿ" ಅಂತ ಮುಂದೂಡಿದ್ದೆಲ್ಲವನ್ನೂ ಬರೆದು ಮುಂದೆ ತಾರೀಕು ಹಾಕಿ. ತಾರೀಕು ಹಾಕದೆ ಇದ್ದದ್ದು ಈ ಮನೆಗಳಲ್ಲಿ ಆಗೋದೇ ಇಲ್ಲ. ಅವರ ಬಿಪಿ ನೋಡಿದ ದಿನವೇ ನಿಮ್ಮದೂ ನೋಡಿಕೊಳ್ಳಿ. ಮಷೀನ್ ಹೇಗೂ ಹೊರಗಿರುತ್ತದೆ, ಎರಡು ನಿಮಿಷದ ಕೆಲಸ. ಮಷೀನ್ ಇಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡುತ್ತಾರೆ.

ಫೈಲಿನ ಮೊದಲ ಹಾಳೆಯಲ್ಲಿ ಎರಡು ಪ್ರಶ್ನೆ ಬರೆದಿಟ್ಟುಕೊಳ್ಳಿ. ಕಳೆದ ಎರಡು ವಾರದಲ್ಲಿ ಹೆಚ್ಚಿನ ದಿನ ಮನಸ್ಸಿಗೆ ಬೇಜಾರು, ಏನೂ ದಾರಿ ಇಲ್ಲ ಅನ್ನಿಸಿತಾ? ಮೊದಲು ಇಷ್ಟಪಡ್ತಿದ್ದ ಕೆಲಸದಲ್ಲಿ ಈಗ ಆಸಕ್ತಿಯೇ ಬರ್ತಿಲ್ವಾ? ಖಿನ್ನತೆ ಇದೆಯಾ ಅಂತ ನೋಡುವಾಗ ಡಾಕ್ಟರುಗಳು ಮೊದಲು ಕೇಳೋದು ಇವೇ ಎರಡನ್ನು. ತಿಂಗಳಿಗೊಮ್ಮೆ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಒಂದಕ್ಕೆ ಹೌದು ಅಂತ ಬಂದರೂ ಯಾರ ಹತ್ತಿರವಾದರೂ ಹೇಳಿ. ಯಾರ ಹತ್ತಿರ ಅನ್ನೋದಕ್ಕೆ ಆಮೇಲೆ ಬರ್ತೀನಿ.

ಇನ್ನೊಂದು ಮಾತು. ಸ್ಟ್ರೋಕಿಗೆ ದೊಡ್ಡ ಕಾರಣ ಬಿಪಿ. ಒಂದೇ ಅಡುಗೆ, ಒಂದೇ ಉಪ್ಪಿನಕಾಯಿ ಜಾಡಿ, ಒಂದೇ ಹಪ್ಪಳ ಸಂಡಿಗೆ ತಿಂದ ಮನೆಯವರಿಗೂ ಅದು ಬರಬಹುದು, ಮಕ್ಕಳಿಗಂತೂ ಇನ್ನೂ ಜಾಸ್ತಿ. ಅಮ್ಮ ಅಪ್ಪನಿಗೆ ಸಪ್ಪೆ ಸಾರು, ಉಳಿದವರಿಗೆ ಮಾಮೂಲಿ ಸಾರು ಅಂತ ದಿನಾ ಎರಡು ಪಾತ್ರೆ ಇಡ್ತಿದ್ದಳು. ಈಗ ಒಂದೇ ಪಾತ್ರೆ, ಎಲ್ಲರಿಗೂ ಕಡಿಮೆ ಉಪ್ಪು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲ ವಾರ ಎಲ್ಲರೂ ಮುಖ ಸಿಂಡರಿಸಿದೆವು. ಆಮೇಲೆ ನಾಲಿಗೆ ಹೊಂದಿಕೊಂಡಿತು, ಅಮ್ಮನಿಗೆ ಒಲೆ ಮುಂದೆ ನಿಲ್ಲೋದೂ ಕಡಿಮೆಯಾಯಿತು.

ನೋಡಿಕೊಳ್ಳುವವರಿಗೇ ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲಕ್ಕೆ ಏಳದಿದ್ದರೆ, ಮಾತು ತೊದಲಿದರೆ, ಸುಸ್ತಿರಬೇಕು ಅಂತ ಮಲಗಿಸಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕಿಗೆ ಅದನ್ನು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ರಾತ್ರಿ

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ರಾತ್ರಿ. ಅಪ್ಪನಿಗೆ ಬಲಭಾಗ ಸ್ವಾಧೀನ ತಪ್ಪಿತ್ತು, ಮಾತು ಹೋಗಿತ್ತು, ಕೂಗೋಕೆ ಆಗ್ತಿರಲಿಲ್ಲ. ಅದಕ್ಕೆ ಅಮ್ಮ ಅವರ ಎಡಗೈ ಮಣಿಕಟ್ಟಿಗೆ ಒಂದು ಹೂವಿನ ದಾರ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಬಳೆಗೆ ಕಟ್ಟಿಕೊಂಡು ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗ್ತಿದ್ದಳು. ಅಪ್ಪ ಕೈ ಎಳೆದರೆ ಬಳೆ ಸದ್ದಾಗಿ ಎಚ್ಚರ. ನೋಡಿದವರೆಲ್ಲ "ಎಂಥಾ ಹೆಂಡತಿ" ಅಂತ ಹೊಗಳಿದರು. ನಾನೂ ಹೊಗಳಿದ್ದೆ. ಈಗ ಅನ್ನಿಸುತ್ತದೆ, ಎಂಟು ತಿಂಗಳು ಅವಳು ಒಂದು ರಾತ್ರಿಯೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ನಾವು ಅದನ್ನು ನೋಡಿಕೊಂಡು ಹೊಗಳ್ತಾ ಕೂತಿದ್ದೆವು.

ಹಾಗಾಗಿ ಮೊದಲ ನಿಯಮ ಇದು: ನೋಡಿಕೊಳ್ಳುವವರಿಗೆ ದಿನಕ್ಕೆ ಒಂದೇ ಸಮನೆ ಐದು ಗಂಟೆಯಾದರೂ ನಿದ್ದೆ, ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಮನೆಯಲ್ಲಿ ಇನ್ನೊಬ್ಬರಿದ್ದರೆ ರಾತ್ರಿಯನ್ನು ಎರಡು ಭಾಗ ಮಾಡಿ. ನಮ್ಮಲ್ಲಿ 10ರಿಂದ 3ರವರೆಗೆ ತಮ್ಮ, 3ರ ಮೇಲೆ ಅಮ್ಮ. ತಮ್ಮ ಆಫೀಸಿಗೆ ಹೋಗುವವನು, ಅವನಿಗೂ ಕಷ್ಟವೇ, ಆದರೆ ಒಬ್ಬರಿಗೇ ಪೂರ್ತಿ ಕಷ್ಟ ಆಗೋದಕ್ಕಿಂತ ಇಬ್ಬರಿಗೂ ಅರ್ಧರ್ಧ ಆದರೆ ತಡೆಯಬಹುದು. ವಾರಕ್ಕೆರಡು ರಾತ್ರಿ ನಾನು ಹೋಗ್ತಿದ್ದೆ. ಮನೆಯಲ್ಲಿ ಒಬ್ಬರೇ ಇದ್ದರೆ, ವಾರಕ್ಕೆ ಎರಡು ರಾತ್ರಿಗಾದರೂ ದುಡ್ಡು ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಿ. ಮಧ್ಯಾಹ್ನದ ಕೋಳಿನಿದ್ದೆ ಲೆಕ್ಕಕ್ಕೆ ಬರಲ್ಲ.

ದಾರದ ಬದಲು ವೈರ್ ಇಲ್ಲದ ಕಾಲಿಂಗ್ ಬೆಲ್ ತನ್ನಿ. ಬಟನ್ ಅವರ ಚೆನ್ನಾಗಿರುವ ಕೈ ಹತ್ತಿರ, ಬೆಲ್ಲು ಆ ಹೊತ್ತಿಗೆ ಯಾರ ಪಾಳಿಯೋ ಅವರ ತಲೆದೆಸೆಯಲ್ಲಿ.

ಮಲಗಿದಲ್ಲೇ ಇರುವವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಹೇಳಿರುತ್ತಾರೆ, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಏರ್ ಬೆಡ್ ಹಾಕಿದರೂ ಮಗ್ಗುಲು ಬದಲಿಸೋದು ತಪ್ಪಲ್ಲ. ಆದರೆ ಏರ್ ಬೆಡ್ ಹಾಕಿದ ಮೇಲೆ, ಚರ್ಮ ಚೆನ್ನಾಗಿದ್ದರೆ, ರಾತ್ರಿ ಹೊತ್ತು ಎಷ್ಟು ಗಂಟೆ ಬಿಡಬಹುದು ಅಂತ ನರ್ಸನ್ನೋ ಡಾಕ್ಟರನ್ನೋ ಬಾಯಿಬಿಟ್ಟು ಕೇಳಿ. ನಾವು ಕೇಳಿರಲೇ ಇಲ್ಲ. ಮೂತ್ರದ ಮಾತ್ರೆ ಇದ್ದರೆ ಅದನ್ನು ಬೆಳಿಗ್ಗೆಗೆ ಹಾಕಬಹುದಾ ಅಂತಲೂ ಕೇಳಿ. ಇಂಥ ಎರಡು ಪ್ರಶ್ನೆಯಿಂದ ರಾತ್ರಿಗೆ ಒಂದೆರಡು ಸಲ ಏಳೋದು ತಪ್ಪಬಹುದು.

ಎತ್ತುವಾಗ ನಿಮ್ಮ ಬೆನ್ನು

ಬೆನ್ನು ಹಿಡಿದುಕೊಂಡರೆ ಮನೆ ಪೂರ್ತಿ ನಿಂತುಹೋಗುತ್ತದೆ. ಫಿಸಿಯೋದವರು ಬಂದಾಗ ಒಂದು ದಿನದ ಪೂರ್ತಿ ಅವಧಿಯನ್ನು ನಿಮಗೇ ಇಟ್ಟುಕೊಳ್ಳಿ. "ಇವತ್ತು ಅವರಿಗೆ ವ್ಯಾಯಾಮ ಬೇಡ, ನನಗೆ ಎತ್ತೋದು ಕಲಿಸಿ" ಅಂತ ಹೇಳಿ. ಯಾರೂ ಬೇಡ ಅನ್ನಲ್ಲ. ನಮಗೆ ಕಲಿಸಿದ್ದು ಹೀಗೆ.

ಕುರ್ಚಿಯನ್ನು ಅವರ ಚೆನ್ನಾಗಿರುವ ಭಾಗಕ್ಕೆ, ಮಂಚಕ್ಕೆ ಹತ್ತಿರ ಇಡಿ. ವೀಲ್ ಚೇರ್ ಆದರೆ ಬ್ರೇಕ್ ಹಾಕಿ, ಎರಡೂ ಕಡೆ. ಅವರನ್ನು ಮಂಚದ ಅಂಚಿಗೆ ಜರುಗಿಸಿ, ಪಾದ ಎರಡೂ ನೆಲಕ್ಕೆ ಪೂರ್ತಿ ಊರಿರಲಿ. ನೀವು ಎದುರಿಗೆ ನಿಂತು, ಸ್ವಾಧೀನವಿಲ್ಲದ ಕಾಲಿನ ಮಂಡಿಗೆ ನಿಮ್ಮ ಮಂಡಿ ಒತ್ತಿ ಹಿಡಿಯಿರಿ, ಅದು ಮಡಚದ ಹಾಗೆ. ಬಗ್ಗುವುದು ಮಂಡಿಯಿಂದ, ಸೊಂಟದಿಂದ ಅಲ್ಲ. ಅವರ ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ. ಅವರು ಮೊದಲು ಮುಂದಕ್ಕೆ ಬಾಗಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ಅಲ್ಲಿಗೆ ಅರ್ಧ ಭಾರ ತಾನಾಗೇ ಎದ್ದ ಹಾಗೆ. ಆಮೇಲೆ ಒಂದು, ಎರಡು, ಮೂರು ಅಂತ ಇಬ್ಬರೂ ಒಟ್ಟಿಗೆ.

ಸ್ವಾಧೀನವಿಲ್ಲದ ಕೈ ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಆ ಭುಜದ ಸ್ನಾಯು ಸಡಿಲವಾಗಿರುತ್ತದೆ, ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಹೋಗಲ್ಲ. ನಮ್ಮ ಮನೆಯಲ್ಲಿ ಮೊದಲ ವಾರ ಇಡೀ ನಾವು ಮಾಡಿದ್ದೇ ಅದು. ಅವರು ಬೀಳುವ ಹಾಗಾದರೆ ಪೂರ್ತಿ ಭಾರ ಹಿಡಿದು ನಿಲ್ಲಿಸೋಕೆ ಹೋಗಬೇಡಿ, ಮೈಗೆ ಆನಿಸಿಕೊಂಡು ನಿಧಾನವಾಗಿ ನೆಲಕ್ಕೆ ಕೂರಿಸಿ, ಆಮೇಲೆ ಪಕ್ಕದ ಮನೆಯವರನ್ನು ಕರೆಯಿರಿ. ಪಕ್ಕದ ಮನೆಯ ಗಟ್ಟಿಮುಟ್ಟಾದ ಇಬ್ಬರಿಗೆ ಮೊದಲೇ ಹೇಳಿಟ್ಟಿರಿ. ನಮ್ಮ ಬೀದಿಯಲ್ಲಿ ಹಾಲು ಹಾಕುವ ಹುಡುಗ ಎರಡು ಸಲ ಬಂದು ಎತ್ತಿಕೊಟ್ಟಿದ್ದಾನೆ, ಕರೆದರೆ ಬರೋರು ಇರ್ತಾರೆ.

ಊಟ, ಇಬ್ಬರದೂ

ಸ್ಟ್ರೋಕ್ ಆದ ಮೇಲೆ ನುಂಗೋದು ಕಷ್ಟವಾದರೆ ಊಟ ಮಾಡಿಸುವ ಹೊತ್ತು ಬಂದರೆ ಎದೆ ಹೊಡೆದುಕೊಳ್ಳುತ್ತದೆ. ತೆಳು ನೀರೇ ಎಲ್ಲಕ್ಕಿಂತ ಕಷ್ಟ, ಅದು ಸರಕ್ಕನೆ ಹೋಗಿ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಎಷ್ಟು ಗಟ್ಟಿ ಇರಬೇಕು ಅಂತ ಸ್ಪೀಚ್ ಥೆರಪಿಸ್ಟ್ ಹೇಳ್ತಾರೆ. ನಮಗೆ ಅವರು ರಾಗಿ ಗಂಜಿಯ ಹದ ತೋರಿಸಿ, ಚಮಚ ಓರೆ ಮಾಡಿದರೆ ನಿಧಾನವಾಗಿ ಜಾರಬೇಕು ಅಂದರು. ಅಷ್ಟು ಹೇಳಿದ್ದೇ ಅಮ್ಮನ ಕೈ ನಡುಗೋದು ನಿಂತಿತು, ಆ ಹದ ಅವಳಿಗೆ ಚಿಕ್ಕಂದಿನಿಂದ ಗೊತ್ತು. ನೆಟ್ಟಗೆ ಕೂರಿಸಿ ತಿನ್ನಿಸಿ, ಊಟವಾದ ಮೇಲೂ ಅರ್ಧ ಗಂಟೆ ಕೂತಿರಲಿ. ನುಂಗುವಾಗ ಕೆಮ್ಮು ಬಂದರೆ, ದನಿ ಒದ್ದೆ ಒದ್ದೆಯಾಗಿ ಕೇಳಿಸಿದರೆ ಡಾಕ್ಟರಿಗೆ ಹೇಳಿ.

ನಿಮ್ಮ ಊಟ? ಅಮ್ಮ ಸಂಜೆ ನಾಲ್ಕಕ್ಕೆ, ಅಡುಗೆಮನೆಯಲ್ಲಿ ನಿಂತುಕೊಂಡು, ತಣ್ಣಗಾದ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ತಿಂತಿದ್ದಳು. ಈಗ ನಿಯಮ ಏನೆಂದರೆ ಅಪ್ಪನಿಗೆ ತಿನ್ನಿಸುವ ಮುಂಚೆ ಅವಳ ಊಟ. ಹೊಟ್ಟೆ ತುಂಬಿದವರು ತಿನ್ನಿಸುವಾಗ ಅವಸರ ಮಾಡಲ್ಲ, ಅವಸರವಿಲ್ಲದಿದ್ದರೆ ಅವರಿಗೂ ನುಂಗೋದು ಸುಲಭ. ಗಂಡ ಉಣ್ಣುವ ಮುಂಚೆ ನಾನು ಹೇಗೆ ಉಣ್ಣಲಿ ಅಂತ ಒಂದು ವಾರ ವಾದ ಮಾಡಿದಳು. ಬಿಡಲಿಲ್ಲ ನಾವು.

ಸಿಟ್ಟು, ಅಳು, ಹೇಳಿಕೊಳ್ಳಲಾಗದ್ದು

ಇದನ್ನು ಸ್ವಲ್ಪ ಉದ್ದವಾಗಿಯೇ ಬರೀತೀನಿ, ಯಾಕೆಂದರೆ ಆಸ್ಪತ್ರೆಯಲ್ಲಿ ಮಾತ್ರೆ ಬಗ್ಗೆ ಹೇಳ್ತಾರೆ, ಇದರ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ.

ಅಪ್ಪ ಇದ್ದಕ್ಕಿದ್ದ ಹಾಗೆ ಅಳೋಕೆ ಶುರು ಮಾಡ್ತಿದ್ದರು. ಟಿವಿಯಲ್ಲಿ ಹವಾಮಾನ ವರದಿ ಬಂದರೂ ಅಳು. ಅಮ್ಮ ತನ್ನ ಸೇವೆಯಲ್ಲೇ ಏನೋ ಕೊರತೆ ಅಂದುಕೊಂಡು ತಾನೂ ಅಳ್ತಿದ್ದಳು. ಮೂರು ತಿಂಗಳಾದ ಮೇಲೆ ಒಬ್ಬರು ನರ್ಸ್ ಹೇಳಿದರು, ಮೆದುಳಿಗೆ ಪೆಟ್ಟಾದಾಗ ಅಳು, ನಗು ಎರಡೂ ಹಿಡಿತ ತಪ್ಪುತ್ತವೆ, ಒಳಗೆ ದುಃಖ ಇಲ್ಲದೆಯೂ ಕಣ್ಣೀರು ಬರಬಹುದು, ಇದಕ್ಕೆ ಮಾತ್ರೆಯೂ ಇದೆ ಅಂತ. ಆ ಒಂದು ಮಾತು ಮೊದಲೇ ಗೊತ್ತಿದ್ದರೆ ಅಮ್ಮನ ಮೂರು ತಿಂಗಳ ಸಂಕಟ ತಪ್ಪುತ್ತಿತ್ತು. ನಿಜವಾದ ಖಿನ್ನತೆ ಬೇರೆ. ಅದೂ ಬರುತ್ತದೆ, ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ. ಊಟ ಬೇಡ, ವ್ಯಾಯಾಮ ಬೇಡ, ಯಾರೂ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗಿದರೆ ಅದು ಹಟ ಅಲ್ಲ, ಡಾಕ್ಟರಿಗೆ ಹೇಳಬೇಕಾದ ವಿಷಯ. ಹಾಗೆಯೇ ಮೊದಲು ಶಾಂತವಾಗಿದ್ದವರು ಬೈಯೋಕೆ ಶುರು ಮಾಡಿದರೆ, ತಟ್ಟೆ ತಳ್ಳಿದರೆ, ಅದರಲ್ಲಿ ಮೆದುಳಿನ ಗಾಯದ್ದೂ ಪಾಲಿದೆ. ಇಷ್ಟು ಗೊತ್ತಿದ್ದರೂ ನೋವಾಗುತ್ತದೆ. ಆದರೆ "ನನ್ನ ಮೇಲೆ ಪ್ರೀತಿ ಹೋಯಿತು" ಅನ್ನುವ ನೋವಾದರೂ ಕಡಿಮೆಯಾಗುತ್ತದೆ.

ಮಾತು ಹೋದವರ ಜೊತೆ ಇರೋದು ಇನ್ನೊಂದು ಬಗೆಯ ಸುಸ್ತು. ಅವರು ಏನೋ ಕೇಳ್ತಾರೆ, ನಮಗೆ ಗೊತ್ತಾಗಲ್ಲ, ಅವರಿಗೆ ಸಿಟ್ಟು, ನಮಗೆ ಅಳು. ಕಿವಿ ಚೆನ್ನಾಗಿರುತ್ತದೆ, ಕೂಗಿ ಹೇಳಬೇಕಿಲ್ಲ. ಒಂದು ಸಲಕ್ಕೆ ಒಂದೇ ವಿಷಯ, ಹೌದು ಅಥವಾ ಇಲ್ಲ ಅನ್ನುವಂತೆ ಕೇಳಿ, ಟಿವಿ ಆರಿಸಿ, ಕೈಯಲ್ಲಿ ವಸ್ತು ತೋರಿಸಿ. ನೀರಿನ ಲೋಟ, ಕನ್ನಡಕ, ಬಚ್ಚಲುಮನೆ, ಹೊದಿಕೆ, ಮೊಮ್ಮಗ, ಹೀಗೆ ಹತ್ತು ಫೋಟೋ ಅಂಟಿಸಿದ ಒಂದು ರಟ್ಟು ಮಾಡಿ ಮಂಚದ ಪಕ್ಕ ಇಡಿ. ನಮ್ಮ ಮನೆಯಲ್ಲಿ ಇದರಿಂದ ದಿನದ ಜಗಳ ಅರ್ಧ ಕಡಿಮೆಯಾಯಿತು. ಇನ್ನೊಂದು ಆಶ್ಚರ್ಯ. "ನೀರು" ಅನ್ನೋಕೆ ಬಾರದ ಅಪ್ಪ, ಅಮ್ಮ ಸಂಜೆ ದೀಪ ಹಚ್ಚಿ ದೇವರನಾಮ ಶುರು ಮಾಡಿದರೆ ಎರಡನೇ ಸಾಲಿಗೆ ದನಿ ಸೇರಿಸ್ತಿದ್ದರು, ಪದ ಪದವೂ ಸರಿಯಾಗಿ. ಹಾಡು, ಎಣಿಕೆ, ಬಾಯಿಪಾಠದ ಶ್ಲೋಕ ಎಷ್ಟೋ ಜನರಲ್ಲಿ ಹೀಗೆ ಉಳಿದುಕೊಂಡಿರುತ್ತವೆ. ಅದು ಚಿಕಿತ್ಸೆ ಅಂತ ಅಲ್ಲ, ದಿನಕ್ಕೆ ಹತ್ತು ನಿಮಿಷ ಅವರಿಬ್ಬರೂ ಗಂಡ ಹೆಂಡತಿಯಾಗಿ ಇರ್ತಿದ್ದದ್ದು ಆಗ. ಉಳಿದ ಹೊತ್ತೆಲ್ಲ ರೋಗಿ ಮತ್ತು ನರ್ಸ್. ಅಂಥ ಹತ್ತು ನಿಮಿಷ ನಿಮ್ಮಿಬ್ಬರ ನಡುವೆ ಏನಿದೆ ಅಂತ ಹುಡುಕಿ. ಚೌಕಾಬಾರ ಆಡೋದಿರಬಹುದು, ಸುಮ್ನೆ ಕೈ ಹಿಡಿದುಕೊಂಡು ಜಗಲಿಯಲ್ಲಿ ಕೂರೋದಿರಬಹುದು.

ಈಗ ನಿಮ್ಮ ಸಿಟ್ಟು. ಬರುತ್ತದೆ. ಮೂರನೇ ಸಲ ಹಾಸಿಗೆ ಒದ್ದೆಯಾದಾಗ, ಈಗಷ್ಟೇ ಬದಲಿಸಿದ ಪಂಚೆ ಮತ್ತೆ ಬದಲಿಸುವಾಗ, ಬಾಯಿಗೆ ಬಂದದ್ದು ಅಂದುಬಿಡುತ್ತೇವೆ. "ಇವರು ಅವತ್ತೇ ಹೋಗಿದ್ದರೆ ಚೆನ್ನಾಗಿತ್ತು" ಅನ್ನುವ ಯೋಚನೆ ಕೂಡ ಒಂದು ಕ್ಷಣ ಬರುತ್ತದೆ. ಬಂದ ತಕ್ಷಣ ನಾಚಿಕೆ, ಪಾಪಪ್ರಜ್ಞೆ. ಆ ಯೋಚನೆ ಬಂದ ಮಾತ್ರಕ್ಕೆ ನೀವು ಕೆಟ್ಟವರಲ್ಲ. ನಿದ್ದೆಗೆಟ್ಟ, ಒಂಟಿಯಾದ ಮನುಷ್ಯರಿಗೆ ಬರುವ ಯೋಚನೆ ಅದು. ಅಮ್ಮ ನನಗೆ ಇದನ್ನು ಹೇಳಿದ್ದು ಒಂದೂವರೆ ವರ್ಷದ ಮೇಲೆ, ಬಟ್ಟೆ ಒಣಹಾಕುತ್ತಾ, ನನ್ನ ಮುಖ ನೋಡದೆ. ಹೇಳಿದ ಮೇಲೆ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ಸಿಟ್ಟು ನೆತ್ತಿಗೇರಿದಾಗ ಅವರನ್ನು ಬೀಳದ ಹಾಗೆ ಮಲಗಿಸಿ ಅಥವಾ ಕೂರಿಸಿ, ಮಂಚಕ್ಕೆ ಕಂಬಿ ಇದ್ದರೆ ಹಾಕಿ, ಹಿತ್ತಲಿಗೆ ಹೋಗಿ. ಹತ್ತು ನಿಮಿಷ. ಮುಖ ತೊಳೆಯಿರಿ, ಯಾರಿಗಾದರೂ ಫೋನ್ ಮಾಡಿ. ಹತ್ತು ನಿಮಿಷ ಒದ್ದೆ ಬಟ್ಟೆಯಲ್ಲಿ ಇದ್ದರೆ ಏನೂ ಆಗಲ್ಲ. ಕೈ ಎತ್ತುವ ಮಟ್ಟಕ್ಕೆ ಹೋಯಿತು ಅಂದರೆ, ಅಥವಾ ನಾನೇ ಇರಬಾರದು ಅನ್ನಿಸಿದರೆ, ಅವತ್ತೇ ಸಹಾಯ ಕೇಳಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹುಚ್ಚು ಹಿಡಿದವರು ಮಾತ್ರ ಮಾಡೋದು ಅಂದುಕೊಳ್ಳಬೇಡಿ. "ಗಂಡನಿಗೆ ಸ್ಟ್ರೋಕ್ ಆಗಿದೆ, ನನಗೆ ಸಾಕಾಗಿದೆ" ಅಂತ ಶುರು ಮಾಡಿದರೆ ಸಾಕು, ಮುಂದಿನದನ್ನು ಅವರೇ ಕೇಳ್ತಾರೆ.

ಕೆಲಸ ಹಂಚೋದು, ಪಟ್ಟಿ ಇಟ್ಟುಕೊಂಡು

"ಏನಾದರೂ ಬೇಕಿದ್ದರೆ ಹೇಳಿ" ಅಂತ ಎಲ್ಲರೂ ಅಂತಾರೆ. ಏನು ಬೇಕು ಅಂತ ಯೋಚಿಸೋಕೂ ಸುಸ್ತಾಗಿರುತ್ತದೆ, ಅದಕ್ಕೆ ಯಾರೂ ಹೇಳಲ್ಲ. ಹಾಗಾಗಿ ಒಂದು ಭಾನುವಾರ ಕೂತು ಬೆಳಿಗ್ಗೆಯಿಂದ ರಾತ್ರಿವರೆಗಿನ ಎಲ್ಲ ಕೆಲಸ ಬರೆಯಿರಿ. ಹಲ್ಲುಜ್ಜಿಸೋದು, ಶೇವಿಂಗ್, ಉಗುರು ತೆಗೆಯೋದು, ಡೈಪರ್ ಮುಗಿಯುವ ಮುಂಚೆ ತರಿಸೋದು, ಮಾತ್ರೆ ಡಬ್ಬಿ ತುಂಬಿಸೋದು. ನಮ್ಮ ಪಟ್ಟಿಯಲ್ಲಿ 41 ಕೆಲಸ ಬಂದವು, ಅದರಲ್ಲಿ 36 ಅಮ್ಮನ ತಲೆಮೇಲೆ. ಆ ಹಾಳೆ ನೋಡಿ ತಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ಅವನು ಸೋಮಾರಿಯಲ್ಲ, ಕಂಡಿರಲಿಲ್ಲ ಅಷ್ಟೇ.

ಆಮೇಲೆ ಹೆಸರು ಹಚ್ಚಿ ಹಂಚಿ. ಸ್ನಾನ ಮಾಡಿಸೋದು ಮಗನ ಕೆಲಸ ಆಗಬಹುದು, ಅಪ್ಪನಿಗೂ ಅದೇ ಮುಜುಗರ ಕಡಿಮೆ. ಅತ್ತೆ ಮಾವನ ಸೇವೆ ಅಂದರೆ ಸೊಸೆಯದೇ ಅನ್ನುವ ಮನೆಗಳಿವೆ. ಅವಳ ಹೆಸರಿನ ಮುಂದೆ ಎಷ್ಟು ಕೆಲಸ ಇದೆ ಅಂತ ಎಣಿಸಿ, ಮಗನ ಮುಂದೆ ಎಷ್ಟಿದೆ ಅಂತಲೂ ಎಣಿಸಿ. ಬೇರೆ ಊರಲ್ಲಿ, ಬೇರೆ ದೇಶದಲ್ಲಿ ಇರುವ ಮಕ್ಕಳಿಗೂ ಕೆಲಸ ಇದೆ. ಮಾತ್ರೆ ಆರ್ಡರ್ ಮಾಡೋದು, ವಿಮೆ ಕಾಗದ, ಡಾಕ್ಟರ್ ಅಪಾಯಿಂಟ್ಮೆಂಟ್, ರಾತ್ರಿ ಆಯಾಗೆ ಸಂಬಳ, ದಿನಾ ಸಂಜೆ 5ಕ್ಕೆ ಅಪ್ಪನ ಜೊತೆ ಅರ್ಧ ಗಂಟೆ ವಿಡಿಯೋ ಕಾಲ್. ಆ ಅರ್ಧ ಗಂಟೆ ಅಮ್ಮ ನಿಧಾನವಾಗಿ ತಲೆಸ್ನಾನ ಮಾಡಿ ಬರ್ತಾಳೆ. ಆದರೆ ವರ್ಷಕ್ಕೊಮ್ಮೆ ಬಂದು "ಯಾಕೆ ಇಷ್ಟು ಸಣ್ಣಗಾಗಿದ್ದಾರೆ, ಸರಿಯಾಗಿ ಊಟ ಹಾಕ್ತಿಲ್ವಾ" ಅಂತ ಮಾತ್ರ ಕೇಳಬೇಡಿ. ದಿನಾ ನೋಡಿಕೊಳ್ಳುವವರಿಗೆ ಆ ಮಾತು ಮರೆಯೋಕೆ ಆಗಲ್ಲ.

ಹೋಮ್ ನರ್ಸ್ ಅಥವಾ ಆಯಾ ಇಟ್ಟುಕೊಳ್ಳೋದಾದರೆ ಮೊದಲ ಎರಡು ಮೂರು ದಿನ ಜೊತೆಯಲ್ಲೇ ಇದ್ದು ತೋರಿಸಿಕೊಡಿ, ಆಮೇಲೆ ಮನೆಯಿಂದ ಹೊರಗೆ ಹೋಗಿ. ಹೋಗದಿದ್ದರೆ ಇಟ್ಟುಕೊಂಡು ಪ್ರಯೋಜನವಿಲ್ಲ. ಅಮ್ಮ ಮೊದಲ ದಿನ ಹೋಗಿದ್ದು ಬೀದಿಯ ಕೊನೆಯ ಗಣಪತಿ ಗುಡಿವರೆಗೆ, ಹತ್ತು ನಿಮಿಷದಲ್ಲಿ ವಾಪಸ್. ಈಗ ಗುರುವಾರ ಬೆಳಿಗ್ಗೆ ಬಸ್ ಹತ್ತಿ ಚಿಕ್ಕಮ್ಮನ ಮನೆಗೆ ಹೋಗಿ ಸಂಜೆ ಬರ್ತಾಳೆ.

ದುಡ್ಡು, ಕಾಗದಪತ್ರ

ಅರ್ಧ ನಿದ್ದೆಗೇಡು ಇದರದ್ದೇ. ಅಪ್ಪನ ಬಲಗೈ ಹೋದದ್ದರಿಂದ ಚೆಕ್ಕಿಗೆ ಸಹಿ ಇಲ್ಲ, ಪೆನ್ಷನ್ ಖಾತೆಯಲ್ಲೇ ಸಿಕ್ಕಿಕೊಂಡಿತು. ಬ್ಯಾಂಕಿನಲ್ಲಿ ಆಗಲ್ಲ ಅಂದರು. ಆಗುತ್ತದೆ. ಸಹಿ ಮಾಡಲಾಗದ ಖಾತೆದಾರರಿಂದ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತು ತೆಗೆದುಕೊಂಡು, ಇಬ್ಬರು ಸಾಕ್ಷಿಗಳ ಮುಂದೆ ದುಡ್ಡು ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ ಇರಬೇಕು. 70 ದಾಟಿದವರಿಗೆ, ಅಂಗವಿಕಲರಿಗೆ ಮನೆ ಬಾಗಿಲಲ್ಲೇ ಸೇವೆ ಕೊಡಿ ಅಂತ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಮ್ಯಾನೇಜರಿಗೆ ಒಂದು ಅರ್ಜಿ ಬರೆದು, ಡಾಕ್ಟರ್ ಪತ್ರ ಲಗತ್ತಿಸಿ, ಸ್ವೀಕೃತಿ ತೆಗೆದುಕೊಳ್ಳಿ. ನವೆಂಬರ್‌ನಲ್ಲಿ ಕೊಡಬೇಕಾದ ಜೀವನ ಪ್ರಮಾಣ ಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿಯೇ ಕೊಡಬಹುದು, ಆಟೋದಲ್ಲಿ ಎತ್ತಿಕೊಂಡು ಹೋಗಬೇಕಿಲ್ಲ.

ಚೇತರಿಕೆ ಒಂದು ಹಂತಕ್ಕೆ ಬಂದ ಮೇಲೂ ಕೈಕಾಲು ಅಥವಾ ಮಾತಿನ ತೊಂದರೆ ಉಳಿದಿದ್ದರೆ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ಸೌಲಭ್ಯಗಳಿಗೆ 40 ಶೇಕಡಾ ಅಂಗವೈಕಲ್ಯ ಇರಬೇಕು. ಮಾಸಾಶನಕ್ಕೂ ಆ ಕಾರ್ಡ್ ಕೇಳ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ದಿನದ ಮಾತ್ರೆಗಳಲ್ಲಿ ಯಾವುದೆಲ್ಲ ಜನೌಷಧಿಯಲ್ಲಿ ಸಿಗುತ್ತದೆ ಅಂತ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ, ತಿಂಗಳ ಖರ್ಚಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಎಲ್ಲಿ ತೋರಿಸೋದು ಅಂತ ಗೊತ್ತಾಗದಿದ್ದರೆ, ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಬಂದಿವೆ, ಮೊದಲು ಅಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗ ಇದೆ. ಮಾತಿಗೆ, ನುಂಗೋದಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಿಂದ ಇದೇ ಕೆಲಸ ಮಾಡ್ತಿದೆ. ಚೇತರಿಕೆ ಮೊದಲ ಮೂರರಿಂದ ಆರು ತಿಂಗಳಲ್ಲಿ ಜೋರಾಗಿರುತ್ತದೆ, ಆಮೇಲೆ ನಿಧಾನ, ಆದರೆ ನಿಲ್ಲಲ್ಲ. ಹೋದಾಗ ಎರಡೂ ಫೈಲ್ ತಗೊಂಡು ಹೋಗಿ. "ಇವರನ್ನು ನೋಡಿಕೊಳ್ಳೋಳು ನಾನೇ, ನನ್ನ ಬಿಪಿಯೂ ಒಂದು ಸಲ ನೋಡಿ" ಅಂದರೆ ಯಾವ ಡಾಕ್ಟರೂ ಬೈಯಲ್ಲ.

ನೋಡೋಕೆ ಹೋಗುವ ನೆಂಟರಿಗೆ

ಅಪ್ಪನನ್ನು ನೋಡೋಕೆ ಮೊದಲ ತಿಂಗಳು ನೂರಾರು ಜನ ಬಂದರು. ಪ್ರತಿಯೊಬ್ಬರಿಗೂ ಕಾಫಿ, ಪ್ರತಿಯೊಬ್ಬರಿಗೂ ಮೊದಲಿಂದ ಕಥೆ. ಒಬ್ಬರು ಪಾರಿವಾಳದ ರಕ್ತ ಹಚ್ಚಿ ಅಂದರು, ಇನ್ನೊಬ್ಬರು ಯಾವುದೋ ಊರಿನ ನಾಟಿ ಮದ್ದಿಗೆ ಮಾತ್ರೆಯೆಲ್ಲ ನಿಲ್ಲಿಸಿ ಕರೆದುಕೊಂಡು ಹೋಗಿ ಅಂದರು. ಪಾರಿವಾಳದ ರಕ್ತದಿಂದ ಮೆದುಳಿನ ಗಾಯ ವಾಸಿಯಾಗಲ್ಲ, ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಸುಮ್ನೆ ನಿಲ್ಲಿಸಿದರೆ ಇನ್ನೊಂದು ಸ್ಟ್ರೋಕ್ ಆಗಬಹುದು. ಬೇಡ ಅಂದರೆ "ಗಂಡ ಹುಷಾರಾಗೋದು ಅವಳಿಗೆ ಬೇಕಿಲ್ಲ" ಅಂತ ಬೆನ್ನ ಹಿಂದೆ ಮಾತು. ಇಂಥವರಿಗೆ ಒಂದೇ ಉತ್ತರ ಕಲಿತುಕೊಳ್ಳಿ: "ಡಾಕ್ಟರನ್ನ ಕೇಳಿ ಹೇಳ್ತೀವಿ." ವಾದ ಬೇಡ. ಬರುವ ಹೊತ್ತು ಸಂಜೆ 5ರಿಂದ 6 ಅಂತ ಬಾಗಿಲಿಗೆ ಚೀಟಿ ಅಂಟಿಸಿ. ನಾವು ಅಂಟಿಸಿದೆವು, ಒಬ್ಬರಿಬ್ಬರು ಮುನಿಸಿಕೊಂಡರು, ಆಮೇಲೆ ಸರಿಯಾದರು.

ನೀವೇ ಆ ನೆಂಟರಾಗಿದ್ದರೆ, ಹೋಗುವ ಮುಂಚೆ ಫೋನ್ ಮಾಡಿ. ಹಣ್ಣು ಹಾರ್ಲಿಕ್ಸ್ ಬದಲು ಒಂದು ಡಬ್ಬಿ ಸಾರು ಪಲ್ಯ ತಗೊಂಡು ಹೋಗಿ. ಹೋದ ಮೇಲೆ ಮಲಗಿದವರನ್ನು ಮಾತಾಡಿಸಿ, ಮಾತು ಬಾರದಿದ್ದರೂ ಅವರಿಗೆ ಎಷ್ಟೋ ಅರ್ಥ ಆಗ್ತಿರಬಹುದು, ಅವರ ಮುಂದೆಯೇ "ಪಾಪ, ಹೇಗಿದ್ದವರು ಹೇಗಾದರು" ಅನ್ನಬೇಡಿ. ಆಮೇಲೆ ಅಡುಗೆಮನೆಗೆ ಹೋಗಿ ಅವರ ಹೆಂಡತಿಯನ್ನೋ ಸೊಸೆಯನ್ನೋ "ನೀನು ಹೇಗಿದ್ದೀಯಮ್ಮ, ನಿನ್ನೆ ಎಷ್ಟು ಹೊತ್ತು ನಿದ್ದೆ ಬಂತು" ಅಂತ ಕೇಳಿ. ಅವರು ಕಾಫಿ ಪುಡಿ ಡಬ್ಬಿಗೆ ಕೈ ಹಾಕಿದರೆ ಇಸಿದುಕೊಂಡು ನೀವೇ ಮಾಡಿ, ಅವರ ಕೈಗೆ ಲೋಟ ಕೊಟ್ಟು ಒಳಗಿನ ಕೋಣೆಗೆ ಕಳಿಸಿ. ಎರಡು ಗಂಟೆ ನೀವು ಮಂಚದ ಪಕ್ಕ ಕೂತಿರಿ. ಬೆಲ್ಲಿನ ಬಟನ್ ಎಲ್ಲಿದೆ, ನೀರು ಹೇಗೆ ಕುಡಿಸಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಅವರನ್ನು ಎಬ್ಬಿಸಬೇಕಾಗಲ್ಲ.